ಬೀವರ್ ಚೀಲದ ಟಪಾಲು

ಮಾಳವಿಕಾ ಡೇನಿಯಲ್‌ನನ್ನು ಮೊದಲ ಸಲ ನೋಡಿದಾಗ ಅವನ ಎರಡೂ ಕೈಗಳು ಅವಳ ಫ್ರೀಜರ್‌ನೊಳಗಿದ್ದವು.

ಅವಳ ಫ್ರೀಜರ್ ಅಂದರೆ ಮನೆಯದಲ್ಲ, ಕೋಟೆಯದು. ನ್ಯೂಯಾರ್ಕಿನ ಎದುರು ದಡದ ಹೋಬೋಕನ್‌ನಿಂದ ಉತ್ತರಕ್ಕೆ ರೈಲಿನಲ್ಲಿ ಒಂದೂಕಾಲು ಗಂಟೆ, ಆಮೇಲೆ ಶಟಲ್ ಬಸ್ಸಿನಲ್ಲಿ ಹತ್ತು ನಿಮಿಷ ಹೋದರೆ ಒಂದು ದಿಬ್ಬದ ಮೇಲೆ ಫೋರ್ಟ್ ವಿಲ್ಡರ್ ಸಿಗುತ್ತದೆ. ಮುನ್ನೂರೆಂಬತ್ತು ವರ್ಷದ ಹಿಂದೆ ಡಚ್ಚರು ಅಲ್ಲಿ ಮರದ ದಿಮ್ಮಿಗಳ ಕೋಟೆ ಕಟ್ಟಿಕೊಂಡು, ಅಲ್ಲಿನ ಮೂಲನಿವಾಸಿಗಳಾದ ಮನ್ಸೀ ಜನರಿಂದ ಬೀವರ್ ಎಂಬ ಪ್ರಾಣಿಯ ತುಪ್ಪಳದ ತೊಗಲು ಕೊಂಡು ಹಡಗಿಗೇರಿಸುತ್ತಿದ್ದರು. ಆ ಕೋಟೆ ಯಾವತ್ತೋ ಮಣ್ಣಾಯಿತು. ಈಗಿರುವುದು ಅದೇ ಜಾಗದಲ್ಲಿ ಹೊಸದಾಗಿ ಕಟ್ಟಿದ ಮ್ಯೂಸಿಯಂ. ಕೆಲಸದವರು ಹಳೆಯ ಕಾಲದ ಬಟ್ಟೆ ತೊಟ್ಟು ಒಬ್ಬರು ವ್ಯಾಪಾರಿ, ಒಬ್ಬರು ಕಮ್ಮಾರ, ಒಬ್ಬರು ಪಾದ್ರಿ ಆಗಿ, ಬಂದವರಿಗೆ ಆ ಕಾಲದ ಬದುಕನ್ನು ಮಾಡಿ ತೋರಿಸುತ್ತಾರೆ.

ಮಾಳವಿಕಾ ವೇಷ ಹಾಕುವವಳಲ್ಲ. ಅವಳು ರಿಜಿಸ್ಟ್ರಾರ್. ಕೋಟೆಯ ಪ್ರತಿಯೊಂದು ವಸ್ತುವಿಗೂ ನಂಬರ್ ಕೊಟ್ಟು, ಫೋಟೋ ತೆಗೆದು, ಹುಳ ಹಿಡಿಯದಂತೆ ಕಾಯುವುದು ಅವಳ ಕೆಲಸ. ತುಪ್ಪಳಕ್ಕೆ ನುಸಿ ಬಿತ್ತೋ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಹದಿನಾಲ್ಕು ದಿನ ಫ್ರೀಜರ್‌ನಲ್ಲಿ ಇಡಬೇಕು. ಹದಿಮೂರಲ್ಲ, ಹದಿನಾಲ್ಕು. ನಡುವೆ ತೆಗೆದರೆ ಮೊಟ್ಟೆಗಳು ಬದುಕಿಕೊಂಡುಬಿಡುತ್ತವೆ.

ಈ ಮನುಷ್ಯ ಐದನೇ ದಿನಕ್ಕೇ ಒಂದು ಚೀಲ ಬಿಚ್ಚಿದ್ದ. ಮೈಮೇಲೆ ಪಾದ್ರಿಯ ಕಪ್ಪು ನಿಲುವಂಗಿ, ಕುತ್ತಿಗೆಗೆ ಅಗಲವಾದ ಬಿಳಿ ಕಾಲರ್.

"ಎಕ್ಸ್‌ಕ್ಯೂಸ್ ಮೀ! ವಾಟ್ ಆರ್ ಯೂ ಡೂಯಿಂಗ್?"

"ಅಯ್ಯ ಯಪ್ಪಾ!" ಎಂದು ಬೆಚ್ಚಿಬಿದ್ದ ಪಾದ್ರಿ ತಲೆಯನ್ನು ಫ್ರೀಜರ್‌ನ ಮುಚ್ಚಳಕ್ಕೆ ಢಣ್ಣನೆ ಬಡಿಸಿಕೊಂಡ.

ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ, ಮೈಸೂರಿನ ಅಪ್ಪ ಅಮ್ಮನ ಮನೆಯಲ್ಲಿ ಹುಟ್ಟಿ ಬೆಳೆದ ಮಾಳವಿಕಾಗೆ ಕೆಲಸದ ಜಾಗದಲ್ಲಿ ಕನ್ನಡ ಕಿವಿಗೆ ಬಿದ್ದದ್ದು ಅದೇ ಮೊದಲು. ಆದರೂ ಸಿಟ್ಟು ಇಳಿಯಲಿಲ್ಲ. ಕನ್ನಡದಲ್ಲೇ ಬೈದಳು.

"ಐದೇ ದಿನ ಆಗಿರೋದು! ಮುಚ್ಚಳದ ಮೇಲೆ ಇಷ್ಟು ದೊಡ್ಡದಾಗಿ ಬರೆದು ಅಂಟಿಸಿದೀನಿ, ಕಾಣಿಸ್ಲಿಲ್ವಾ?"

"ಕಂಡ್ತರೀ. ಸಾಲಿ ಮಕ್ಕಳು ಬಂದಾರ, ಒಂದು ತೊಗಲು ಮುಟ್ಟಿ ನೋಡ್ತೀವಿ ಅಂದ್ರು. ಒಂದಕ್ಕ ಏನಾಗ್ತೈತಿ ಅಂದ್ಕೊಂಡೆ..." ಅವನು ತಲೆ ಸವರಿಕೊಂಡ. "ನೀವು ಕನ್ನಡದವರೇನ್ರೀ? ಬೈಗಳಾನೂ ಭಾಳ ಚಂದ ಐತಿ ನೋಡ್ರಿ."

ಮಾಳವಿಕಾ ಚೀಲವನ್ನು ಕಿತ್ತುಕೊಂಡಳು. ಅದಕ್ಕೆ ಮತ್ತೆ ಒಂದನೇ ದಿನದಿಂದ ಲೆಕ್ಕ ಶುರುವಾಯಿತು.

ಹೆಸರು ಡೇನಿಯಲ್, ಊರು ಧಾರವಾಡ. ನ್ಯೂಯಾರ್ಕಿಗೆ ಇತಿಹಾಸ ಓದಲು ಬಂದವನು ಈ ಕೋಟೆಯಲ್ಲಿ ಕೆಲಸಕ್ಕೆ ಸೇರಿದ್ದ. ಅವನ ಮುತ್ತಜ್ಜ ಧಾರವಾಡದ ಮಿಶನ್ ಶಾಲೆಯಲ್ಲಿ ಮಾಸ್ತರರಾಗಿದ್ದವರು. "ನಮ್ಮ ಮುತ್ತಜ್ಜಗ ಓದ ಬರಹ ಕಲಿಸಿದ್ದು ಪಾದ್ರಿಗಳು. ಈಗ ಮೊಮ್ಮಗನ ಮಗ ಅವರ ವೇಷಾ ಹಾಕ್ಕೊಂಡು ಅಮೆರಿಕದವರಿಗೆ ಪಾಠಾ ಹೇಳಾಕತ್ತಾನ" ಎಂದು ತಾನೇ ನಗುತ್ತಿದ್ದ.

ಕೋಟೆಯಲ್ಲಿ ಒಂದು ಪದ್ಧತಿಯಿತ್ತು. ವೇಷದಲ್ಲಿರುವವರು ಫೋನ್ ಮುಟ್ಟುವಂತಿಲ್ಲ. ಏನೇ ಹೇಳುವುದಿದ್ದರೂ ಚೀಟಿ ಬರೆದು, ವ್ಯಾಪಾರದ ಕೋಣೆಯ ಬಾಗಿಲಲ್ಲಿ ತೂಗುಹಾಕಿದ ಬೀವರ್ ತೊಗಲಿನ ಚೀಲಕ್ಕೆ ಹಾಕಬೇಕು. ಸೌದೆ ಮುಗಿದಿದೆ, ನಾಳೆ ಎರಡು ಶಾಲೆ ಬರುತ್ತವೆ, ನನ್ನ ಬೂಟಿನ ಅಟ್ಟೆ ಕಿತ್ತಿದೆ, ಇಂಥವೇ ಚೀಟಿಗಳು. ಸಂಜೆ ಬೀಗ ಹಾಕುವ ಮೊದಲು ಚೀಲ ಬರಿದು ಮಾಡಿ, ಯಾರದು ಯಾರಿಗೆ ಎಂದು ನೋಡಿ ಹಂಚುವುದು ಮಾಳವಿಕಾಳ ಜವಾಬ್ದಾರಿ.

ಬೈಸಿಕೊಂಡ ಮರುದಿನ ಚೀಲದಲ್ಲಿ ಅವಳ ಹೆಸರಿಗೇ ಒಂದು ಕಾಗದವಿತ್ತು. ಹಕ್ಕಿಗರಿಯ ಲೇಖನಿಯಲ್ಲಿ ಬರೆದು, ಮಡಿಸಿ, ಕೆಂಪು ಅರಗಿನ ಮುದ್ರೆ ಒತ್ತಿದ್ದ ಕಾಗದ. ಒಳಗೆ ಕನ್ನಡ. ಪ್ಲೇನ್ಸ್‌ಬರೋದ ಭಾನುವಾರದ ಕ್ಲಾಸಿನಲ್ಲಿ ಕಲಿತ ಕಾಗುಣಿತವನ್ನೆಲ್ಲ ನೆನಪು ಮಾಡಿಕೊಂಡು, ಬೆರಳಿಟ್ಟು ಓದಲು ಅವಳಿಗೆ ಹತ್ತು ನಿಮಿಷ ಹಿಡಿಯಿತು.

"ಫ್ರೀಜರ್ ಮಹಾರಾಣಿಯವರ ಪಾದಕ್ಕೆ. ಇನ್ನು ಹದಿನಾಲ್ಕು ದಿನಾ ಆಗೋ ತನಕ ಆ ಕಡೆ ತಲೀನೂ ಹಾಕಿ ಮಲಗಂಗಿಲ್ಲ. ತಪ್ಪಾತು. ಡೇನಿಯಲ್ ಪಾದ್ರಿ."

ನಗು ತಡೆಯಲು ಆಗಲಿಲ್ಲ. "ಅಪಾಲಜಿ ಆಕ್ಸೆಪ್ಟೆಡ್" ಎಂದು ಇಂಗ್ಲಿಷಿನಲ್ಲಿ ಬರೆದು ಹಾಕಿದಳು. ತನ್ನ ಕನ್ನಡ ಅಕ್ಷರ ಕೋಳಿಕಾಲಿನಂತಿರುವುದು ಅವನಿಗೆ ಯಾಕೆ ಗೊತ್ತಾಗಬೇಕು?

ಅಲ್ಲಿಂದ ಶುರುವಾಯಿತು ನೋಡಿ. ದಿನಕ್ಕೊಂದು ಚೀಟಿ. ಇವನದು ಕನ್ನಡ, ಅವಳದು ಇಂಗ್ಲಿಷ್. ಏನೂ ವಿಶೇಷವಿಲ್ಲ. "ಇವತ್ತು ಒಬ್ಬಾಕಿ ಅಜ್ಜಿ ನನ್ನ ಕಡೆ ಪಾಪ ಒಪ್ಪಿಸಾಕ ಬಂದಿದ್ಲು, ಡಚ್ ಪಾದ್ರಿಗಳು ಅದನ್ನ ಕೇಳಂಗಿಲ್ಲ ಅಂದ್ರೂ ಬಿಡವಲ್ಲಳು" ಎಂದು ಒಂದು ದಿನ. "ನಿಮ್ಮ ನೀಲಿ ಸ್ವೆಟರ್ ಛಲೋ ಐತಿ, ಅದನ್ನೂ ಫ್ರೀಜರ್‌ನಾಗ ಇಡ್ತೀರೇನು?" ಎಂದು ಇನ್ನೊಂದು ದಿನ. ಸಂಜೆ ಇಬ್ಬರೂ ಐದೂವರೆಯ ರೈಲಿಗೆ ಹೋಬೋಕನ್‌ವರೆಗೆ ಬರುತ್ತಿದ್ದರು. ಅವಳ ಅಪಾರ್ಟ್‌ಮೆಂಟ್ ಅಲ್ಲೇ. ಅವನು ಅಲ್ಲಿಂದ ಇನ್ನೂ ಎರಡು ರೈಲು ಬದಲಿಸಿ ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನ ತನ್ನ ಕೋಣೆಗೆ ಹೋಗಬೇಕು. ರೈಲಿನಲ್ಲಿ ಅವನು ಕಿಟಕಿಯ ಗಾಜಿನಲ್ಲಿ ಕಾಣುವ ಅವಳ ಮುಖ ನೋಡುತ್ತಿದ್ದ. ಅವಳೂ ಅದೇ ಗಾಜಿನಲ್ಲಿ, ಅವನು ನೋಡುವುದನ್ನು ನೋಡುತ್ತಿದ್ದಳು. ಕಣ್ಣು ಸಿಕ್ಕಿದ ತಕ್ಷಣ ಇಬ್ಬರೂ ಹೊರಗಿನ ಮರಗಳನ್ನು ನೋಡುವವರಂತೆ ನಟಿಸುತ್ತಿದ್ದರು.

ಕೋಟೆಯೊಳಗಿನ ಪಾದ್ರಿಯ ಮನೆಯಲ್ಲಿ ಅವನು ಬಂದವರಿಗೆ ನಡೆಸುತ್ತಿದ್ದ ಕಾರ್ಯಕ್ರಮದಲ್ಲಿ ಅವಳಿಗೆ ಬಹಳ ಇಷ್ಟವಾದ ಕಥೆ ಒಂದಿತ್ತು. ಈ ಕೋಟೆಯ ಪಾದ್ರಿ ಹೆಂಡ್ರಿಕ್ ಹನ್ನೊಂದು ವರ್ಷ ಇಲ್ಲಿದ್ದು ಮನ್ಸೀ ಜನರಲ್ಲಿ ಒಬ್ಬರನ್ನೂ ಕ್ರಿಸ್ತನ ಮತಕ್ಕೆ ಸೇರಿಸಲಾಗದವನು. ಅವರ ಭಾಷೆಯಲ್ಲಿ ಅವನಿಗೆ ಬಂದದ್ದೇ ನಲವತ್ತು ಪದ. ಅವರು ಅವನ ಉಪದೇಶ ಕೇಳಿ, ತಲೆಯಾಡಿಸಿ, ತೊಗಲು ಮಾರಿ ಮನೆಗೆ ಹೋಗುತ್ತಿದ್ದರು. ಮೂರನೇ ವರ್ಷ ಅವನು ಹಾಲೆಂಡಿನಲ್ಲಿದ್ದ ತನ್ನ ಊರಿನ ಹುಡುಗಿ ಕಾತ್ರಿನಾಗೆ, ನನ್ನನ್ನು ಮದುವೆಯಾಗುತ್ತೀಯಾ ಎಂದು ಪತ್ರ ಬರೆದ. ಹಡಗಿನಲ್ಲಿ ಪತ್ರ ಹೋಗಿ ಉತ್ತರ ಬರಲು ಒಂದು ವರ್ಷ. ಆದರೆ ನಾಲ್ಕೇ ತಿಂಗಳಲ್ಲಿ ಕಾತ್ರಿನಾ ಪೆಟ್ಟಿಗೆ ಹಿಡಿದು ಕೋಟೆಯ ಬಾಗಿಲಲ್ಲಿ ನಿಂತಿದ್ದಳು. ಪತ್ರ ಅವಳಿಗೆ ಸಿಕ್ಕೇ ಇರಲಿಲ್ಲ. ಕಾದು ಸಾಕಾಗಿ ತಾನೇ ಹೊರಟುಬಂದಿದ್ದಳು.

"ಪತ್ರದ ಹಡಗೂ ಅವಳ ಹಡಗೂ ನಡುಸಮುದ್ರದಲ್ಲಿ ಎಲ್ಲೋ ಒಂದನ್ನೊಂದು ದಾಟಿರಬೇಕು" ಎಂದು ಅವನು ಕಥೆ ಮುಗಿಸುತ್ತಿದ್ದ. ಪ್ರತಿ ಸಲವೂ ಯಾರಾದರೂ ಒಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು.

ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ, ಕೋಟೆ ಮುಚ್ಚಲು ಅರ್ಧ ಗಂಟೆಯಿರುವಾಗ, ವ್ಯಾಪಾರದ ಕೋಣೆಯಲ್ಲಿ ನುಸಿ ಹಾರಿತು. ಒಂದಲ್ಲ, ಏಳೆಂಟು. ಕೋಣೆಯಲ್ಲಿ ನಲವತ್ತು ತೊಗಲುಗಳಿದ್ದವು. ಒಂದು ವಾರ ಬಿಟ್ಟರೆ ಒಂದೂ ಉಳಿಯುವುದಿಲ್ಲ. ಮಾಳವಿಕಾ ಗ್ಲೌಸ್ ಹಾಕಿಕೊಂಡು, ಕೈಗೆ ಸಿಕ್ಕ ತುಪ್ಪಳವನ್ನೆಲ್ಲ ಫೋಟೋ ತೆಗೆದು, ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ಕಟ್ಟಿ ಕಟ್ಟಿ ಫ್ರೀಜರ್‌ಗೆ ಇಳಿಸಿದಳು. ಮುಗಿಯುವಾಗ ಎಂಟೂವರೆ. ಮುಚ್ಚಳದ ಮೇಲೆ "ದಿನ ಒಂದು: ಸೋಮವಾರ" ಎಂದು ಬರೆದು ಅಂಟಿಸಿ ಮನೆಗೆ ಹೋದಳು. ಆ ಸಂಜೆ ಟಪಾಲು ನೋಡುವುದು ಮರೆತೇಹೋಯಿತು.

ಬುಧವಾರದಿಂದ ಡೇನಿಯಲ್ ಬೇರೆ ಮನುಷ್ಯನಾಗಿದ್ದ.

ಬಾಗಿಲಲ್ಲಿ ಬೀವರ್ ಚೀಲದ ಬದಲು ಬಟ್ಟೆಯದೊಂದು ತೂಗುತ್ತಿತ್ತು. ಅದರಲ್ಲಿ ಎಲ್ಲರ ಚೀಟಿಯಿತ್ತು, ಅವನದಿರಲಿಲ್ಲ. ಐದೂವರೆಯ ರೈಲಿನಲ್ಲೂ ಅವನಿಲ್ಲ. "ಸ್ವಲ್ಪ ಕೆಲಸ ಐತ್ರಿ" ಎಂದು ಏಳರ ರೈಲಿಗೆ ಹೋಗತೊಡಗಿದ. ಎದುರು ಸಿಕ್ಕರೆ ಬಹಳ ಮರ್ಯಾದೆಯಿಂದ ಹ್ಯಾಟು ತೆಗೆದು ತಲೆಬಾಗಿಸುತ್ತಿದ್ದ. ಆ ಮರ್ಯಾದೆ ನೋಡಿದರೆ ಅವಳಿಗೆ ಮೈ ಉರಿಯುತ್ತಿತ್ತು.

ಎರಡನೇ ವಾರದ ಬುಧವಾರ ಕೋಟೆಯ ಡೈರೆಕ್ಟರ್ ಮಾರ್ಗರೆಟ್, ಅರವತ್ತು ದಾಟಿದ ನೇರ ಮಾತಿನ ಹೆಂಗಸು, ಕಾಫಿ ಮಗ್ ಹಿಡಿದು ಅವಳ ಮೇಜಿನ ಹತ್ತಿರ ಬಂದಳು.

"ಡೇನಿಯಲ್ ಹೋಗ್ತಾನೇನೋ. ದೂರದ ಮಿನೆಸೋಟಾದ ಒಂದು ಕೋಟೆಯಿಂದ ಕರೆದಿದ್ದಾರೆ. ಶುಕ್ರವಾರ ಸಂಜೆ ಐದರೊಳಗೆ ಹೇಳಬೇಕಂತೆ. ನಿನಗೆ ಹೇಳಿರಬೇಕಲ್ಲ?"

"ಇಲ್ಲ" ಎಂದಳು ಮಾಳವಿಕಾ. ಅಷ್ಟು ದಿನ ತನಗೇ ಹೇಳಿಕೊಳ್ಳದ ಮಾತು ಆಗ ಸ್ಪಷ್ಟವಾಯಿತು: ಅವನು ಹೋಗಬಾರದು. ಅವನನ್ನು ಅವಳು ಪ್ರೀತಿಸುತ್ತಿದ್ದಳು.

ಅವತ್ತು ಸಂಜೆ ಅಮ್ಮ ಕೌಸಲ್ಯಾಗೆ ಫೋನ್ ಮಾಡಿದಳು.

"ಯಾಕೇ ಧ್ವನಿ ಹೀಗಿದೆ? ನುಸಿ ಕಾಟ ಇನ್ನೂ ಹೋಗ್ಲಿಲ್ವಾ? ಒಂದು ಹಿಡಿ ನುಸಿಗುಳಿಗೆ ಹಾಕಿ ಬಿಸಾಕೇ ಅಂದ್ರೆ ಕೇಳಲ್ಲ. ನನ್ನ ರೇಷ್ಮೆ ಸೀರೆಗೆ ಮೂವತ್ತು ವರ್ಷದಿಂದ ಏನೂ ಆಗಿಲ್ಲ."

"ಅದಲ್ಲಮ್ಮ."

"ಮತ್ತೆ? ಆ ಧಾರವಾಡದ ಹುಡುಗ ಹೇಗಿದ್ದಾನೆ, ಪಾದ್ರಿ ವೇಷದವನು?"

"ಅವನಿಗೂ ನನಗೂ ಏನೂ ಇಲ್ಲಮ್ಮ!"

"ನಾನೇನು ಕೇಳ್ದೆ, ನೀನೇನು ಹೇಳ್ತಿದೀಯ!" ಅಮ್ಮ ದನಿ ತಗ್ಗಿಸಿದಳು. "ಚರ್ಚ್‌ಗೆ ಹೋಗೋರ ಮನೆ ಅಂತ ನಿಮ್ಮಪ್ಪ ನಾಲ್ಕು ದಿನ ಮುಖ ಊದಿಸ್ಕೋಬಹುದು. ಅದನ್ನ ನಾನು ನೋಡ್ಕೋತೀನಿ. ಇಷ್ಟ ಇದ್ರೆ ಬಾಯಿಬಿಟ್ಟು ಹೇಳು. ನಿನ್ನ ಮನಸ್ಸಲ್ಲಿರೋದು ಅವನಿಗೆ ಕನಸು ಬೀಳತ್ತಾ?"

ಶುಕ್ರವಾರ ಮಧ್ಯಾಹ್ನ ಫ್ರೀಜರ್‌ನ ಮುಚ್ಚಳದ ಮೇಲೆ "ದಿನ ಹನ್ನೆರಡು" ಇತ್ತು. ಮಾಳವಿಕಾ ಕಂಪ್ಯೂಟರಿನಲ್ಲಿ, ಅವತ್ತು ಆತುರದಲ್ಲಿ ತೆಗೆದ ಫೋಟೋಗಳಿಗೆ ಒಂದೊಂದಾಗಿ ನಂಬರ್ ಹಾಕುತ್ತಿದ್ದಳು. ಮೂವತ್ತೊಂದು, ಮೂವತ್ತೆರಡು. ಮೂವತ್ತಮೂರನೆಯದು ಬಾಗಿಲಲ್ಲಿ ತೂಗುತ್ತಿದ್ದ ಟಪಾಲಿನ ಚೀಲ. ಅದೂ ಬೀವರ್ ತೊಗಲೇ ತಾನೇ, ಅದನ್ನೂ ಕಟ್ಟಿದ್ದಳು. ಫೋಟೋದಲ್ಲಿ ಚೀಲದ ಬಾಯಿ ಚೂರು ತೆರೆದಿತ್ತು. ಒಳಗೆ ಏನೋ ಕೆಂಪಗೆ.

ದೊಡ್ಡದು ಮಾಡಿ ನೋಡಿದಳು. ಅರಗಿನ ಮುದ್ರೆ. ಪಕ್ಕದಲ್ಲಿ ಮಡಿಸಿದ ಕಾಗದದ ಅಂಚು, ಅದರ ಮೇಲೆ ಹಕ್ಕಿಗರಿಯ ಅಕ್ಷರ: "ಮಾಳವಿಕಾ ಅವರಿಗೆ".

"ಅಯ್ಯೋ ದೇವರೇ" ಎಂದಳು ಜೋರಾಗಿ.

ಎಲ್ಲ ಅರ್ಥವಾಯಿತು. ಅವನು ಅವತ್ತು ಪತ್ರ ಹಾಕಿದ್ದ. ಚೀಲ ನೋಡದೆ ಮನೆಗೆ ಹೋಗುವವಳಲ್ಲ ಮಾಳವಿಕಾ ಎಂದು ಇಡೀ ಕೋಟೆಗೇ ಗೊತ್ತು. ಓದಿದ್ದಾಳೆ, ಓದಿ ಸುಮ್ಮನಿದ್ದಾಳೆ ಎಂದುಕೊಂಡಿದ್ದಾನೆ. ಅದಕ್ಕೇ ಏಳರ ರೈಲು, ಅದಕ್ಕೇ ಹ್ಯಾಟು ತೆಗೆಯುವ ಮರ್ಯಾದೆ. ಗಡಿಯಾರ ನೋಡಿದಳು. ಮೂರೂ ಮುಕ್ಕಾಲು.

ಡೇನಿಯಲ್ ಚೀಲ ಬಿಚ್ಚಿದ ದಿನದಿಂದ ಫ್ರೀಜರ್‌ಗೆ ಬೀಗ ಬಿದ್ದಿತ್ತು, ಕೀಲಿ ಅವಳ ಸೊಂಟದಲ್ಲೇ ಇತ್ತು. ಹೋಗಿ ಮುಚ್ಚಳ ಎತ್ತಿದಳು. ಚೀಲ ಮೇಲೆಯೇ ಕಾಣುತ್ತಿತ್ತು. ಒಂದು ಕತ್ತರಿ ಸಾಕು, ಯಾರಿಗೂ ತಿಳಿಯುವುದಿಲ್ಲ. ಆದರೆ ನುಸಿ ಮೊದಲು ಹಾರಿದ್ದೇ ಆ ಚೀಲ ತೂಗುತ್ತಿದ್ದ ಬಾಗಿಲಿನ ಹತ್ತಿರ. ಈಗ ಬಿಚ್ಚಿದರೆ, ಬಿಸಿ ಗಾಳಿಗೆ ತೊಗಲೆಲ್ಲ ಬೆವೆತು, ಒಳಗಿನ ಮೊಟ್ಟೆಗಳಿಗೆ ಮತ್ತೆ ಜೀವ ಬಂದರೆ? ಒಬ್ಬ ಮನುಷ್ಯನನ್ನು ಐದನೇ ದಿನಕ್ಕೆ ಬಿಚ್ಚಿದನೆಂದು ಬಾಯಿಗೆ ಬಂದಂತೆ ಬೈದವಳು ತಾನು. ತನಗೆ ಬೇಕಾದಾಗ ಹನ್ನೆರಡಕ್ಕೆ ಬಿಚ್ಚುವುದೇ?

ಮುಚ್ಚಳ ಹಾಕಿ, ಬೀಗ ತಿರುಗಿಸಿ, ಪಾದ್ರಿಯ ಮನೆಯ ಕಡೆಗೆ ಓಡಿದಳು.

ಕಾರ್ಯಕ್ರಮ ನಡೆಯುವಾಗ ಜೀನ್ಸ್ ಹಾಕಿದ ಕೆಲಸದವರು ಒಳಗೆ ಕಾಲಿಡಬಾರದು. ಅದೂ ಒಂದು ನಿಯಮ, ಬರೆದದ್ದು ಅವಳೇ. ಇವತ್ತು ಅದು ಮುರಿದರೆ ಮುರಿಯಲಿ, ಅದರಿಂದ ಯಾವ ತೊಗಲಿಗೂ ತೂತು ಬೀಳುವುದಿಲ್ಲ.

ಒಳಗೆ ಹದಿನೈದು ಜನ ಬೆಂಚುಗಳ ಮೇಲೆ ಕೂತಿದ್ದರು. ಡೇನಿಯಲ್ ಕಾತ್ರಿನಾಳ ಕಥೆಯ ಕೊನೆಯಲ್ಲಿದ್ದ. ಇವಳನ್ನು ಕಂಡು ಅವನ ಮಾತು ನಿಂತಿತು.

"ನಿಮ್ಮ ಪತ್ರ ನಾನು ಓದಿಲ್ಲ" ಎಂದಳು ಮಾಳವಿಕಾ, ಕನ್ನಡದಲ್ಲಿ, ಏದುಸಿರು ಬಿಡುತ್ತ. "ನುಸಿ ಗಲಾಟೇಲಿ ಚೀಲದ ಸಮೇತ ಕಟ್ಟಿಬಿಟ್ಟೆ. ಫ್ರೀಜರ್‌ನಲ್ಲಿದೆ. ಇವತ್ತು ಫೋಟೋ ನೋಡಿದಾಗ ಗೊತ್ತಾಯ್ತು."

ಅವನ ಬಾಯಿ ತೆರೆದೇ ಇತ್ತು. "ಫ್ರೀಜರ್‌ನಾಗ?"

"ಹೂಂ. ಹನ್ನೆರಡನೇ ದಿನ. ಬಿಚ್ಚೋಕಾಗಲ್ಲ. ನಿಮ್ಮ ಪತ್ರಕ್ಕಾಗಿ ಕೂಡ ಬಿಚ್ಚಲ್ಲ."

"ನಾ ಹೇಳಿದ್ನೇನು ಬಿಚ್ಚ್ರಿ ಅಂತ?"

"ಸ್ವಲ್ಪ ಸುಮ್ನಿರಿ, ಈಗ ಹೇಳದಿದ್ರೆ ನನಗೆ ಧೈರ್ಯ ಹೋಗಿಬಿಡತ್ತೆ. ಅದರಲ್ಲಿ ಏನು ಬರೆದಿದೀರೋ ಗೊತ್ತಿಲ್ಲ. ಗೊತ್ತಿಲ್ಲದೇನೇ ಉತ್ತರ ಹೇಳೋಕೆ ಬಂದೆ. ನನಗೆ ನೀವು ಇಷ್ಟ. ತುಂಬಾ. ಹನ್ನೆರಡು ದಿನ ನಿಮ್ಮ ಚೀಟಿ ಇಲ್ದೆ ನನಗೆ ಕೆಲಸಕ್ಕೆ ಬರೋದೇ ಬೇಡ ಅನ್ನಿಸ್ತಿತ್ತು. ಮದುವೆ ಆಗ್ತೀಯಾ ಅಂತ ಕೇಳಿದ್ರೆ, ಹೂಂ, ಆಗ್ತೀನಿ. ಮಿನೆಸೋಟಾಗೆ ಹೋಗ್ಲೇಬೇಕು ಅಂದ್ರೆ ಹೋಗಿ, ನಾನು ಅಡ್ಡ ಬರಲ್ಲ. ಆದ್ರೆ ಇದನ್ನ ಕೇಳಿಸ್ಕೊಂಡು ಹೋಗಿ."

ಮುಂದಿನ ಬೆಂಚಿನ ಒಬ್ಬ ಮುದುಕ ಪಕ್ಕದವಳ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ, "ಇದು ಡಚ್ ಭಾಷೆಯೇ?" ಎಂದ. "ಇರಬೇಕು. ಅವಳೇ ಕಾತ್ರಿನಾ ಅನ್ನಿಸುತ್ತೆ" ಎಂದಳು ಆಕೆ.

ಡೇನಿಯಲ್‌ನ ಮುಖದಲ್ಲಿ ಮೆಲ್ಲಗೆ ಒಂದು ನಗು ಅರಳಿತು. ಕಿವಿಯವರೆಗೂ ಹೋಯಿತು. ಅದರಲ್ಲಿ ಸಂತೋಷವಷ್ಟೇ ಅಲ್ಲದೆ ಒಂದಿಷ್ಟು ತುಂಟತನವೂ ಇತ್ತು. ಅದು ಯಾಕೆಂದು ಆಗ ಅವಳಿಗೆ ತಿಳಿಯಲಿಲ್ಲ.

"ಪತ್ರದಾಗ ಏನೈತಿ, ಹೇಳ್ಲೇನು?"

"ಬೇಡ. ಟೈಮ್ ಮುಗಿದ ಮೇಲೆ ನಾನೇ ಓದ್ತೀನಿ."

"ಆತು ಬಿಡ್ರಿ. ನಾ ಎಲ್ಲೂ ಹೋಗಂಗಿಲ್ಲ."

ಹದಿನೈದೂ ಜನ ಚಪ್ಪಾಳೆ ತಟ್ಟಿದರು. ಐದಕ್ಕೆ ಐದು ನಿಮಿಷವಿರುವಾಗ ಅವನು ಪಾರ್ಕಿಂಗ್ ಲಾಟ್‌ನಲ್ಲಿ, ಪಾದ್ರಿಯ ನಿಲುವಂಗಿಯಲ್ಲೇ ನಿಂತು ಫೋನ್ ಮಾಡಿ ಮಿನೆಸೋಟಾದವರಿಗೆ ಬರುವುದಿಲ್ಲ ಎಂದ. ಇಬ್ಬರೂ ಐದೂವರೆಯ ರೈಲು ಹತ್ತಿದರು. ಈ ಸಲ ಯಾರೂ ಕಿಟಕಿಯ ಗಾಜು ನೋಡಲಿಲ್ಲ.

ಭಾನುವಾರ ಹದಿನಾಲ್ಕು ದಿನ ತುಂಬಿತು. ಹೊರಗೆ ತೆಗೆದ ಮೇಲೂ ಒಂದು ದಿನ ಕಟ್ಟಿದ ಚೀಲದಲ್ಲೇ ಬಿಡಬೇಕು, ಚಳಿ ಬಿಡುವವರೆಗೆ. ಅದನ್ನೂ ಬಿಟ್ಟಳು. ಸೋಮವಾರ ಕೋಟೆಗೆ ರಜೆ. ಖಾಲಿ ವ್ಯಾಪಾರದ ಕೋಣೆಯಲ್ಲಿ ಇಬ್ಬರೂ ಮೇಜಿನ ಆಚೆ ಈಚೆ ಕೂತರು. ಮಾಳವಿಕಾ ಗ್ಲೌಸ್ ಹಾಕಿ, ಕತ್ತರಿಯಿಂದ ಪ್ಲಾಸ್ಟಿಕ್ ಕತ್ತರಿಸಿ, ಪತ್ರ ಹೊರಗೆಳೆದು, ಮುದ್ರೆ ಒಡೆದಳು. ಬೆರಳಿಟ್ಟು ಓದತೊಡಗಿದಳು.

"ಮಾಳವಿಕಾ ಅವರೇ... ಮಿನೆಸೋಟಾದಿಂದ ಕೆಲಸಕ್ಕ ಕರದಾರ... ಹನ್ನೆರಡು ದಿನದಾಗ ಹೇಳಬೇಕು... ನನಗ ಹೋಗೋ ಮನಸ್ಸಿಲ್ಲ... ಯಾಕ ಅಂತ ಎದುರು ಕುಂತು ಹೇಳಬೇಕು... ನಾಳೆ ಬಿಟ್ಟು ಮುಂದಿನ ಸೋಮವಾರ, ರಜಾ ದಿನ... ಜ್ಯಾಕ್ಸನ್ ಹೈಟ್ಸ್‌ಗೆ ಊಟಕ್ಕ ಬರ್ತೀರೇನು?... ಬರೂದಿದ್ರ ಚೀಲದಾಗ ಒಂದು ಚೀಟಿ ಹಾಕ್ರಿ... ಬರಂಗಿಲ್ಲ ಅಂದ್ರ ಏನೂ ಹಾಕಬ್ಯಾಡ್ರಿ, ನನಗ ತಿಳೀತೈತಿ."

ಹಿಂದೆ ತಿರುಗಿಸಿದಳು. ಹಿಂದೆ ಏನೂ ಇರಲಿಲ್ಲ.

"ಊಟಕ್ಕಾ?"

"ಹೌದ್ರೀ. ಊಟಕ್ಕ."

"ನೀವು ಊಟಕ್ಕೆ ಕರೆದಿದ್ರಾ? ನಾನು ಅಷ್ಟು ಜನದ ಎದುರಿಗೆ ಮದುವೆ ಆಗ್ತೀನಿ ಅಂದುಬಿಟ್ಟೆ!" ಅವಳ ಮುಖ ಅರಗಿನಷ್ಟೇ ಕೆಂಪಾಯಿತು.

"ಅದಕ್ಕೇನಾತು? ಅವರಿಗೆಲ್ಲಾ ಡಚ್ ಎಲ್ಲಿ ಬರ್ತೈತಿ?"

"ನಗಬೇಡಿ! ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳ್ಲೇನು ಅಂತ ಕೇಳಿದ್ನಲ್ಲಾ? ಬ್ಯಾಡ ಅಂದವರು ನೀವ." ಅವನು ನಗು ನಿಲ್ಲಿಸಿ ಮೇಜಿನಾಚೆಯಿಂದ ಅವಳ ಕೈ ಹಿಡಿದ, ಗ್ಲೌಸ್ ಸಮೇತ. "ಮಾಳವಿಕಾ, ಈ ಊಟದ ಪತ್ರಾ ಬರೀಲಿಕ್ಕ ನನಗ ಮೂರು ವಾರ ಹಿಡೀತು. ಆ ಇನ್ನೊಂದು ಮಾತು ಕೇಳಾಕ ಇನ್ನೂ ಮೂರು ವರ್ಷಾ ಹಿಡೀತಿತ್ತೋ ಏನೋ. ನನ್ನ ಮನಸ್ಸಿನಾಗ ಇದ್ದದ್ದೂ ಅದ. ನೀ ಮೊದಲ ಬಂದು ನಿಂತಿ. ಛಲೋ ಆತು."

ನೀವು ಹೋಗಿ ನೀನಾದದ್ದು ಇಬ್ಬರಿಗೂ ಗೊತ್ತಾಯಿತು.

ಸ್ವಲ್ಪ ಹೊತ್ತಿನ ಮೇಲೆ ಮಾಳವಿಕಾ ಕೈ ಬಿಡಿಸಿಕೊಂಡು ಲ್ಯಾಪ್‌ಟಾಪ್ ತೆರೆದಳು. ಕೆಲಸ ಕೆಲಸವೇ. ನಂಬರ್ ಮೂವತ್ತಮೂರು, ಬೀವರ್ ತೊಗಲಿನ ಚೀಲ, ಹುಳ ಇಲ್ಲ. ಒಳಗೆ ಸಿಕ್ಕಿದ್ದು: ಪತ್ರ, ಒಂದು. ಮ್ಯೂಸಿಯಂಗೆ ಸೇರಿದ್ದಲ್ಲ. ಮಾಲೀಕರಿಗೆ ತಲುಪಿದೆ.

ಆಮೇಲೆ ಬೀವರ್ ಚೀಲವನ್ನು ಅದರ ಜಾಗದಲ್ಲಿ, ಬಾಗಿಲ ಮೊಳೆಗೆ ತೂಗುಹಾಕಿದಳು. ಮೇಜಿನ ಮೇಲಿದ್ದ ಹಕ್ಕಿಗರಿಯನ್ನು ಮಸಿಯಲ್ಲಿ ಅದ್ದಿದಳು. ಡೇನಿಯಲ್ ಇಣುಕಿ ನೋಡಲು ಬಂದರೆ ಮೊಣಕೈ ಅಡ್ಡ ಇಟ್ಟಳು. ಮಸಿ ಎರಡು ಕಡೆ ಚೆಲ್ಲಿತು, ಒತ್ತಕ್ಷರ ತಪ್ಪಿ ಮತ್ತೆ ತಿದ್ದಬೇಕಾಯಿತು. ಕಾಗದ ಮಡಿಸಿ ಚೀಲಕ್ಕೆ ಹಾಕಿ ಪಕ್ಕಕ್ಕೆ ಸರಿದು ನಿಂತಳು.

ಡೇನಿಯಲ್ ಚೀಲದೊಳಗೆ ಕೈ ಹಾಕಿದ. ಇಷ್ಟು ದಿನದಲ್ಲಿ ಅವಳು ಅವನಿಗೆ ಕನ್ನಡದಲ್ಲಿ ಬರೆದ ಮೊದಲ ಚೀಟಿ ಅದು. ಕೋಳಿಕಾಲಿನ ಅಕ್ಷರದಲ್ಲಿ ಒಂದೇ ಪದವಿತ್ತು.

"ಬರ್ತೀನಿ."